ಮಾವನ ನಾಯಿಗೆ ನಾಲ್ಕೆಳೆಯ ಬಾರು

ಇಂಥವು ನನಗೇ ಯಾಕೆ ಗಂಟು ಬೀಳುತ್ತವೋ ತಿಳಿಯದು. ಟಿಳಕವಾಡಿಯಲ್ಲಿ ನನ್ನದೊಂದು ಚಷ್ಮಾ ಅಂಗಡಿ. ಆಜೂಬಾಜು ಅಂಗಡಿಯವರ ದಿನ ನೆಟ್ಟಗೆ ಹುಟ್ಟಿ ನೆಟ್ಟಗೆ ಮುಳುಗುತ್ತದೆ. ನನ್ನ ದಿನ ಮಾತ್ರ ನಡುವೆ ಎಲ್ಲೋ ಕಾಲು ಜಾರಿ ಬೀಳುತ್ತದೆ. "ನನಗ ಯಾಕ ಹಿಂಗ ಆಗತೈತಿ?" ಅಂತ ಹೆಂಡತಿಯನ್ನು ಕೇಳಿದರೆ, "ಆಗೂದಿಲ್ರೀ, ನೀವ ಮಾಡ್ಕೋತೀರಿ" ಅಂತಾಳೆ. ಹೋದ ವರ್ಷ ನಾನು ತೊಗಲು ಹೆಣೆಯಲು ಕಲಿತ ಸಂಗತಿಯನ್ನೇ ತೆಗೆದುಕೊಳ್ಳಿ. ನಾನು ಹೇಳುವುದರಲ್ಲಿ ಹನ್ನೆರಡಾಣೆ ಖರೇ ಇರುತ್ತದೆ. ಉಳಿದ ನಾಲ್ಕಾಣೆ ಉಪ್ಪು-ಖಾರ. ಅದಿಲ್ಲದೆ ನೀವೂ ತಿನ್ನುವುದಿಲ್ಲ.

ಬೆಲ್ಟು

ಖಾನಾಪುರದಲ್ಲಿ ನಮ್ಮ ಮಾವನ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ನಾನು ಹೊಸ ಬೆಲ್ಟು ಹಾಕಿಕೊಂಡು ಹೋಗಿದ್ದೆ. ತೊಗಲಿನ ಎಳೆಗಳನ್ನು ಜಡೆಯ ಹಾಗೆ ಹೆಣೆದ ಬೆಲ್ಟು, ಅಂಗಡಿಯಿಂದ ತಂದದ್ದು. ಪಂಕ್ತಿಯಲ್ಲಿ ಬಾಜೂಕ ಕೂತವರು, "ಬೆಲ್ಟ ಭಾರಿ ಐತಲ್ರೀ, ಎಲ್ಲಿ ತೊಗೊಂಡ್ರಿ?" ಅಂದರು. ತೊಗೊಂಡ ಅಂಗಡಿ ಹೆಸರು ಹೇಳಿ ಸುಮ್ಮನಾಗಬಹುದಿತ್ತು.

"ತೊಗೊಳ್ಳೂದೇನ್ರಿ, ನಾನ ಹೆಣದೀನಿ" ಅಂದೆ.

ಯಾಕೆ ಅಂದೆನೋ! ಬಾಯಿ ತೆರೆದಿತ್ತು, ಅದೇ ಹೊರಬಂತು. ಬಂದ ಮೇಲೆ ಬರಿಗೈಯಲ್ಲಿ ಕಳಿಸಬಾರದು ಅಂತ ಜಾಂಬೋಟಿ ಮಳೆಯಲ್ಲಿ ತೊಗಲು ನೆನೆಸಿದ್ದು, ಬಿದಿರಿನ ಹೊಗೆಯಲ್ಲಿ ಒಣಗಿಸಿದ್ದು, ಎಲ್ಲಾ ಸೇರಿಸಿದೆ. ಕೂತವರು ಊಟ ಬಿಟ್ಟು ಕೇಳುತ್ತಿದ್ದರು. ಎದುರಿಗೆ ಕೂತ ಮಾವ ಒಬ್ಬರೇ ಊಟ ಬಿಡಲಿಲ್ಲ.

ಮಾವ ನಿವೃತ್ತ ಹೆಡ್‌ಮಾಸ್ತರರು. ಇಡೀ ನೌಕರಿ ಕಾಲ ಹುಡುಗರ ಕಾಪಿ ಹಿಡಿದವರು. ನನ್ನ ಮಾತೆಂದರೆ ಅವರಿಗೆ ಮೊದಲಿನಿಂದ ಅನುಮಾನ. ಅದಕ್ಕೆ ಕಾರಣವೂ ಉಂಟು. ಒಮ್ಮೆ ಅವರ ಚಷ್ಮಾದಲ್ಲಿ ಬರೀ ಗಾಜು ಹಾಕಿ "ಜರ್ಮನಿ ಮಾಲು" ಅಂತ ಕೊಟ್ಟಿದ್ದೆ. ಅವರು ಎರಡು ದಿನ "ಅಕ್ಷರ ಮುತ್ತಿನಂಗ ಕಾಣ್ತಾವ" ಅಂತ ಪೇಪರು ಓದಿದ್ದರು. ಮೂರನೇ ದಿನ ನಾನೇ ಬಾಯಿ ಬಿಟ್ಟೆ. ಅಂದಿನಿಂದ ನಾನು "ನಮಸ್ಕಾರ" ಅಂದರೂ ಹೊರಳಿಸಿ ನೋಡುತ್ತಾರೆ.

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಅಂದರು: "ಅಳಿಯಾರ, ಹಂಗಾದ್ರ ನಮ್ಮ ರಾಜಾಗೂ ಒಂದು ಬಾರು ಹೆಣದ ಕೊಡ್ರಿ. ದೀಪಾವಳಿ ಊಟಕ್ಕ ಬರೂಮುಂದ ತರ್ರಿ."

ರಾಜಾ ಅಂದರೆ ಅವರ ಮುಧೋಳ ನಾಯಿ. ಅದು ಗಾಳಿಪಟ, ಮಾವ ಅದರ ಬಾಲಂಗೋಚಿ.

"ಅದೇನ ದೊಡ್ಡ ಮಾತ್ರಿ ಮಾವಾರ!" ಅಂದೆ.

"ನಿಮ್ಮ ಕೈಲೆ ಹೆಣದದ್ದ ತಂದ್ರಿ ಅಂದ್ರ, ನೀವು ಏನ ಹೇಳಿದ್ರೂ ನಾ ಇರೂತನಕಾ ಖರೇ ಅಂತೀನಿ. ತರಲಿಲ್ಲಂದ್ರ, ನಮ್ಮ ಮನಿ ಪಂಕ್ತಿಯಾಗ ನೀವು ಊಟಕ್ಕಷ್ಟ ಬಾಯಿ ತೆರೀಬೇಕು. ಕಥಿ ಬಂದ್."

ಪಂಕ್ತಿಗೆ ಪಂಕ್ತಿಯೇ ಚಪ್ಪಾಳೆ ತಟ್ಟಿತು. ಕೈ ಮುರಿಯಲಿ, ಕಾಲು ಮುರಿಯಲಿ, ತಡೆದುಕೊಂಡೇನು. ಹೋಳಿಗೆಯ ಮುಂದೆ ಕಥೆ ಹೇಳದೆ ಕೂಡುವುದು ನನ್ನಿಂದ ಆಗುವ ಮಾತಲ್ಲ.

ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಖರೇ ಹೇಳ್ರಿ, ನಿಮಗ ಹೆಣಿಯಾಕ ಬರತೈತೇನು?"

"ಕೈ ಇದ್ದಾವನಿಗೆ ಏನ ಬರೂದಿಲ್ಲ?"

ಅವಳು ನನ್ನ ಕಾಲು ನೋಡಿದಳು. ಬೂಟಿನ ಲೇಸು ನೆಟ್ಟಗೆ ಕಟ್ಟಲು ಬರದ್ದಕ್ಕೆ ನಾನು ಮದುವೆಯಾದಾಗಿನಿಂದ ಚಪ್ಪಲಿ ಮೆಟ್ಟುವವನು.

ಪರದೇಶದ ತೊಗಲು

ಮೊದಲು ಮೊಬೈಲು ತೆಗೆದೆ. ತೊಗಲು ಹೆಣೆಯುವುದನ್ನು ಕಲಿಸುವವರು ಜಗತ್ತಿನಲ್ಲಿ ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾರದನ್ನು ನೋಡಬೇಕು? ಗಡ್ಡ ಉದ್ದ ಇದ್ದವನನ್ನು ಆರಿಸಿದೆ. ಇಷ್ಟು ಗಡ್ಡ ಬಿಟ್ಟವನಿಗೆ ವಿದ್ಯೆ ಇಲ್ಲದೆ ಇರುತ್ತದೆಯೇ? ಅವನು ಶುರುವಿಗೇ, ಹೆಣೆಯಲು ಕಾಂಗರೂ ತೊಗಲೇ ಶ್ರೇಷ್ಠ, ತೆಳುವಾದರೂ ಹರಿಯುವುದಿಲ್ಲ ಅಂದ. ನಾನು ಚೀಟಿಯಲ್ಲಿ ಬರೆದುಕೊಂಡು ಪ್ಯಾಟಿಗೆ ಹೋದೆ.

ತೊಗಲಿನ ಅಂಗಡಿಯ ಸಾಹೇಬರು ಮೂರು ತಲೆಮಾರಿನಿಂದ ಅದೇ ವ್ಯಾಪಾರದವರು. ನಾನು ಕೇಳಿದ್ದಕ್ಕೆ ಚಷ್ಮಾ ಹಣೆಗೆ ಏರಿಸಿದರು.

"ಕ್ಯಾ ಬೋಲೇ ಸಾಬ್?"

"ಕಾಂಗರೂ ತೊಗಲ್ರಿ. ಒಂದ ನಾಯಿ ಬಾರಿಗೆ ಆಗೂವಷ್ಟು."

ಸಾಹೇಬರು ಗಂಭೀರವಾಗಿ ಒಳಗೆ ಹೋದರು, ಕಪಾಟು ತೆಗೆದರು, ಮುಚ್ಚಿದರು, ಹೊರಗೆ ಬಂದರು. "ಆಡಿಂದು ಐತಿ, ಎಮ್ಮಿದು ಐತಿ. ಕಾಂಗರೂ ಖಾನಾಪುರ ದಾಟಿ ಬಂದಿಲ್ರಿ ಇನ್ನಾ."

"ಬದಲಿಗೆ ಯಾವದ ನಡೀತೈತ್ರಿ?"

"ಮೊದಲ ಹೇಳ್ರಿ, ನಿಮ್ಮ ನಾಯಿ ಯಾ ದೇಶದ್ದು?"

"ಮುಧೋಳದ್ದು."

"ಹಂಗಾದ್ರ ಅದಕ್ಕ ಇಂಗ್ಲೀಷ ತೊಗಲ ಯಾಕ ಬೇಕ್ರಿ?" ಅಂದು ಆಡಿನ ತೊಗಲನ್ನು ಉದ್ದಕ್ಕೆ ನಾಲ್ಕು ಬಾರಾಗಿ ಕೊಯ್ದು ಸುತ್ತಿಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು: "ಖಾನಾಪುರದಾಗ ಬಾರಕೋಲು ಹೆಣಿಯೋ ಅಜ್ಜ ಒಬ್ಬರದಾರ. ಅವರ ಕಡೆ ಹೋಗ್ರಿ. ಈ ಮೊಬೈಲ ಬಿಡ್ರಿ."

ಖಾನಾಪುರ! ಮಾವನ ಊರಿಗೇ ಹೋಗಿ ಕಲಿಯುವುದೇ? ಅದೊಂದು ಬಿಟ್ಟು ಬೇರೆ ಹೇಳ್ರಿ ಅಂದೆ. ಸಾಹೇಬರು ಹೊಸ ಗಿರಾಕಿ ಕಡೆ ತಿರುಗಿ, ನನ್ನನ್ನು ತೋರಿಸಿ, "ಇವರಿಗೆ ಜಿರಾಫಿಂದು ತೋರಸ್ರಿ" ಅಂತ ಗಲ್ಲೆಯ ಮೇಲೆ ಕೂತಿದ್ದ ತಮ್ಮ ಅಣ್ಣನಿಗೆ ಹೇಳಿದರು.

ದಪ್ಪ ಪುಸ್ತಕ, ತೆಳ್ಳನ ಪುಸ್ತಕ

ನನ್ನ ಗಿರಾಕಿ ಪ್ರೊಫೆಸರರೊಬ್ಬರು, "ವಿಡಿಯೊ ನಂಬಬ್ಯಾಡ್ರಿ, ವಿದ್ಯಾ ಬೇಕಂದ್ರ ಪುಸ್ತಕ" ಅಂದರು. ಪುಸ್ತಕ ತರಿಸಿದೆ. ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪನೆಯದು. ದಪ್ಪ ಇದ್ದಷ್ಟೂ ಜಾಸ್ತಿ ಕಲಿಯಬಹುದು ಅನ್ನುವುದು ನನ್ನ ಲೆಕ್ಕ.

ಮೊದಲ ಅಧ್ಯಾಯ ಕುದುರೆಗಳ ಇತಿಹಾಸ. ಎರಡನೆಯದರಲ್ಲಿ ಲೇಖಕ ತನ್ನ ಅಜ್ಜನ ಕುದುರೆ ಜೀನಿನ ಫೋಟೊ ಹಾಕಿ ಅತ್ತಿದ್ದ. ಮೂರನೆಯದರಲ್ಲಿ ಕಣ್ಣೀರು ಒರೆಸಿಕೊಂಡು ನೇರವಾಗಿ, "ಈಗ ಹದಿನಾರು ಎಳೆ ತೆಗೆದುಕೊಳ್ಳಿ. ನಾಲ್ಕು ಎಳೆಯದು ನಿಮಗೆ ಬಂದೇ ಬರುತ್ತದೆ" ಅಂದುಬಿಟ್ಟ. ಬರುವುದಿಲ್ಲ ಮಾರಾಯ! ಅದಕ್ಕೇ ಅಲ್ಲವೇ ನಿನ್ನನ್ನು ತರಿಸಿದ್ದು?

ಹೆಂಡತಿ ಪುಸ್ತಕ ಎತ್ತಿ ತೂಗಿ ನೋಡಿದಳು. "ಬದನಿಕಾಯಿ ತೊಗೊಳ್ಳುವಾಗ ಒಂದೊಂದನ್ನೂ ತಿರಿವಿ ತಿರಿವಿ ನೋಡ್ತೀರಿ. ಇದರಾಗ ಏನೈತಿ ಅಂತ ಮೊದಲ ನೋಡಬಾರದೇನ್ರಿ?" ಅಂದು, ಮಡಚಿಕೊಂಡಿದ್ದ ನನ್ನ ಬಾರುಗಳ ಮೇಲೆ ಅದನ್ನಿಟ್ಟಳು. ಬೆಳಗಾಗುವಷ್ಟರಲ್ಲಿ ಬಾರುಗಳು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿದ್ದವು. ಪುಸ್ತಕ ಪೂರ್ತಿ ದಂಡವಾಯಿತು ಅಂತ ಯಾರೂ ಅನ್ನುವ ಹಾಗಿಲ್ಲ.

ಎರಡನೇ ಸಲ ಅವಳೇ ಆರಿಸಿದಳು. ಸಣ್ಣ ಪುಸ್ತಕ, ಮಾತು ಕಡಿಮೆ, ಚಿತ್ರ ಜಾಸ್ತಿ, ಮೊದಲ ಪುಟದಲ್ಲೇ ನಾಲ್ಕೆಳೆ. ಕೆಂಪು ಎಳೆ ಹಿಂದಿನಿಂದ ಬರಲಿ, ಹಳದಿಯ ಮೇಲೆ ಹೊರಳಲಿ ಅಂತ ಬಣ್ಣ ಬಣ್ಣವಾಗಿ ಬರೆದಿದ್ದರು. ಚೆನ್ನಾಗಿತ್ತು. ಆದರೆ ನನ್ನ ನಾಲ್ಕೂ ಬಾರು ಕಂದು. ಕಂದು ಹಿಂದಿನಿಂದ ಬಂದು ಕಂದಿನ ಮೇಲೆ ಹೊರಳಿದ ಮೇಲೆ, ಯಾವ ಕಂದು ಎಲ್ಲಿಂದ ಹೊರಟಿತ್ತು ಅಂತ ಯಾರನ್ನು ಕೇಳುವುದು?

ಮೊದಲು ಬಣ್ಣದ ನೂಲಿನಲ್ಲಿ ರೂಢಿ ಮಾಡೋಣ ಅಂತ ವಡಗಾವಿಯ ನೇಕಾರ ಗೆಳೆಯನ ಹತ್ತಿರ ಹೋಗಿ ನಾಲ್ಕು ಬಣ್ಣದ ನೂಲು ತಂದೆ. ಒಂದು ವಾರ ಅಂಗಡಿಯಲ್ಲಿ ಕೂತು ಹೆಣೆದೆ. ಗಿರಾಕಿ ಬಂದು "ಚಷ್ಮಾ ತೋರಸ್ರಿ" ಅಂದರೆ, "ಕೆಂಪು ಮುಗೀಲಿ, ಕುಂದರ್ರಿ" ಅನ್ನುತ್ತಿದ್ದೆ. ಕಡೆಗೆ ಒಂದು ಗೇಣು ತಯಾರಾಯಿತು. ಹೆಮ್ಮೆಯಿಂದ ವಡಗಾವಿಗೆ ಒಯ್ದೆ. ಗೆಳೆಯ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಎಳೆದ. ವಾಸನೆ ನೋಡಿದ. ಮಗ್ಗ ನಿಲ್ಲಿಸಿ ತಮ್ಮನನ್ನೂ ಕರೆದು ತೋರಿಸಿದ.

"ಇದೇನೋ ಇದು?"

"ನಾಲ್ಕೆಳಿ ಹೆಣಿಕಿ."

"ನಮ್ಮ ಮಗ್ಗ ಪೂರಾ ಕೆಟ್ಟ ಹೋದಾಗ ಹಿಂಥಾದ್ದು ಬರತೈತಿ" ಅಂದ ಗೆಳೆಯ, ಖರೇ ಖರೇ ಆಶ್ಚರ್ಯದಿಂದ. "ನೀ ಮಗ್ಗ ಇಲ್ಲದ ಹೆಂಗ ಮಾಡಿದಿ?"

ನರಳುವ ಗುರು

ಸೋತು ಮತ್ತೆ ಗಡ್ಡದವನ ಹತ್ತಿರ ಹೋದೆ. ಅವನದೊಂದೇ ತಕರಾರು: ಕೈ ಮಿಂಚಿನ ಹಾಗೆ ಓಡುತ್ತಿತ್ತು. ಒಂದು ಎಳೆ ಎಲ್ಲಿ ಹೋಯಿತು ಅಂತ ನೋಡುವಷ್ಟರಲ್ಲಿ ಅವನು ಬಾರು ಮುಗಿಸಿ ಕುದುರೆ ಹತ್ತಿರುತ್ತಿದ್ದ. ವೇಗವನ್ನು ಕಾಲುಭಾಗಕ್ಕೆ ಇಳಿಸಬಹುದು ಅಂತ ಗೊತ್ತಾಯಿತು. ಇಳಿಸಿದೆ. ಕೈ ನಿಧಾನವಾಯಿತು. ಜೊತೆಗೆ ದನಿಯೂ ನಿಧಾನವಾಯಿತು. "ಊಂ... ಆಂ... ಹೂಂ..." ಅಂತ, ಹೊಟ್ಟೆಶೂಲೆಯಾದ ಕೋಣದ ಹಾಗೆ.

ನನಗೆ ಅದು ರೂಢಿಯಾಗಿತ್ತು. ನಾವೆಲ್ಲ ಕಾಕೂ ಅನ್ನುವ ಮೇಲಿನ ಮನೆಯ ಹಿರಿಯಾಕೆಗೆ ಆಗಿರಲಿಲ್ಲ. ಬಾಗಿಲು ಬಡಿದರು. ಕೈಯಲ್ಲಿ ಬಿಸಿನೀರಿನ ಚೀಲ.

"ಯಾರಿಗೆ ಆರಾಮಿಲ್ಲೋ? ಮುಂಜಾನಿಂದ ನರಳಾಕತ್ತಾರ!"

ಇದ್ದದ್ದು ಹೇಳಬೇಕಿತ್ತು. ಆದರೆ ಕಾಕೂನ ಮುಖದ ಮೇಲಿನ ಅಂತಃಕರಣ ಎಷ್ಟಿತ್ತೆಂದರೆ, ಅದನ್ನು ವ್ಯರ್ಥ ಮಾಡಲು ಮನಸ್ಸು ಬರಲಿಲ್ಲ.

"ನಮ್ಮ ಗುರುಗಳು ಬಂದಾರ್ರಿ ಕಾಕೂ. ದೂರದ ಊರಾವರು. ನೀರು ಬದಲಾಗಿ ಹೊಟ್ಟಿ ಹಿಡದೈತಿ. ಯಾರಿಗೂ ಮಾರಿ ತೋರಸೂದಿಲ್ಲ ಅಂತಾರ."

"ಅಯ್ಯ ಪಾಪ!" ಅಂದು ಕಾಕೂ ಹೋಗಿ ಶುಂಠಿ ಕಷಾಯ ತಂದರು. ಮರುದಿನ ಮೆತ್ತನ್ನ ಅನ್ನ, ಸಾರು. ಮೂರನೇ ದಿನ ಗಂಜಿ, ಮೇಲೆ ಲಿಂಬೆ ಉಪ್ಪಿನಕಾಯಿ. ನಾನು ಒಂದು ಕಡೆ ಗುರುವಿನ ಕೈ ನೋಡುತ್ತಾ, ಇನ್ನೊಂದು ಕಡೆ ಗುರುವಿನ ಪಥ್ಯ ತಿನ್ನುತ್ತಾ ಇದ್ದೆ. ಕಲಿಕೆ ಸಾಗಲಿಲ್ಲ. ಅವನು ಎದುರಿಗೆ ಕೂತು ತೋರಿಸುತ್ತಿದ್ದರಿಂದ ಅವನ ಬಲ ನನ್ನ ಎಡವಾಗುತ್ತಿತ್ತು. ಹೆಣೆದದ್ದು ಅರ್ಧ ಅವನ ಕಡೆ, ಅರ್ಧ ನನ್ನ ಕಡೆ ತಿರುಗಿ, ಜಗಳಾಡಿದ ಗಂಡ-ಹೆಂಡಿರ ಹಾಗೆ ಕೂತಿರುತ್ತಿತ್ತು. ಕಲಿಕೆ ಕೆಟ್ಟರೂ ಪಥ್ಯ ಚಲೋ ಇತ್ತು.

ನಾಲ್ಕನೇ ದಿನ ಹೆಂಡತಿ ಮೊಬೈಲು ಕಸಿದು ವೇಗ ಸರಿ ಮಾಡಿದಳು. ಗಡ್ಡದವ ಗಟ್ಟಿ ದನಿಯಲ್ಲಿ ನಕ್ಕ. ಮೆಟ್ಟಿಲ ಮೇಲಿದ್ದ ಕಾಕೂ ಆಕಾಶಕ್ಕೆ ಕೈ ಮುಗಿದರು. "ಶುಂಠಿ ಹತ್ತಿತು ನೋಡು!"

ಗುಪ್ತ ಪ್ರವಾಸ

ದೀಪಾವಳಿಗೆ ಇನ್ನು ಒಂದು ವಾರ. ಬಾರಕೋಲಿನ ಅಜ್ಜನ ಹೊರತು ದಾರಿ ಇರಲಿಲ್ಲ. ಖಾನಾಪುರದಲ್ಲಿ ಇಬ್ಬರಲ್ಲಿ ಒಬ್ಬ ಮಾವನ ಶಿಷ್ಯ. ನನ್ನ ನೆರಳು ಬಿದ್ದರೂ ಸುದ್ದಿ ಮಾವನಿಗೆ ಮುಟ್ಟುತ್ತದೆ. ಅದಕ್ಕೆ ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕರಿ ಚಷ್ಮಾ ಹಾಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಳಿದೆ.

ಸ್ಟ್ಯಾಂಡಿನ ಚಹಾದ ಅಂಗಡಿಯವ ಕೂಗಿದ: "ಏನ್ರಿ ಚಷ್ಮಾ ಸಾಹೇಬ್ರ! ಮಾಸ್ತರ ಮನಿಗೇನ್ರಿ?"

"ನಾ ಅವರಲ್ಲ" ಅಂದೆ.

"ಹೌದ್ರಿ? ದನೀನೂ ಅವರದ ಐತಲ್ರೀ!"

ಓಣಿ ಹಿಡಿದು ಸರಸರ ಹೋದೆ. ಅಜ್ಜನ ಕಟ್ಟೆಯ ಮೇಲೆ ಬಾರಕೋಲು, ಎತ್ತಿನ ಗಂಟೆಸರದ ಪಟ್ಟಿ ತೂಗುಬಿದ್ದಿದ್ದವು. ಬೆರಳೆಲ್ಲ ಎಣ್ಣೆ ಕುಡಿದು ತೊಗಲಿನ ಬಣ್ಣಕ್ಕೇ ತಿರುಗಿದ್ದ ಮುದುಕರು. ನಾನು ಒಯ್ದಿದ್ದ ತೊಗಲಿನ ಹೆಣಿಕೆ ಇಸಕೊಂಡು ನೋಡಿ, ಬಿಚ್ಚತೊಡಗಿದರು.

"ಯಾರ ಕಲಿಸಿದ್ರು?"

"ಎರಡ ಪುಸ್ತಕ ಅಜ್ಜಾರ, ಮತ್ತ ವಿಡಿಯೊ."

"ಅವರು ನಿಮ್ಮ ಕೈ ನೋಡಿದ್ರೇನು?"

"ಇಲ್ಲ."

"ಹಂಗಾದ್ರ ಕಲಿಸಿಲ್ಲ ಬಿಡ್ರಿ. ತೋರಿಸ್ಯಾರ." ಅಷ್ಟು ಹೇಳಿ ಬಿಚ್ಚುವುದು ಮುಗಿಸಿದರು. "ಕಾಲ ಚಾಚ್ರಿ."

ನಾಲ್ಕೂ ಬಾರಿನ ತುದಿ ಸೇರಿಸಿ ನನ್ನ ಬಲಗಾಲಿನ ಹೆಬ್ಬೆರಳಿಗೆ ಬಿಗಿದು ಕಟ್ಟಿದರು. ಒದ್ದೆ ಅರಿವೆಯಿಂದ ಬಾರು ಒರೆಸಿದರು. ನನ್ನ ಎದುರಿಗೆ ಕೂಡಲಿಲ್ಲ. ಬಾಜೂಕ ಬಂದು, ನನ್ನ ಕೈ ಹೋಗುವ ಕಡೆಗೇ ತಮ್ಮ ಕೈ ಹೋಗುವ ಹಾಗೆ ಕೂತರು.

"ಬಲಕ್ಕಿನ ಎಳಿ ಹಿಂದಿನಿಂದ ದಾಟ್ಸಿ, ಎಡಕ್ಕಿನ ಎರಡರ ನಡುವ ಮ್ಯಾಲೆ ತರ್ರಿ. ಒಂದರ ಮ್ಯಾಲೆ ಹೊಳ್ಳಿ ತನ್ನ ಮನಿಗೆ ಹೋಗಲಿ. ಈಗ ಎಡಕ್ಕಿಂದು. ಎಳೀರಿ. ಹಂಗಲ್ಲ, ಬೆರಳ ಕೀಳಬ್ಯಾಡ್ರಿ, ಎಳಿ ಎಳೀರಿ."

ಐದು ಸಲ ಕೆಡಿಸಿದೆ, ಐದು ಸಲ ಬಿಚ್ಚಿಸಿದರು. ಆರನೇ ಸಲ ಏನಾಯಿತೋ, ಕೈಗೆ ತಿಳಿಯಿತು. ತಲೆಗೆ ಹೇಳದೆ ಕೈಯೇ ನಡೆಯಿತು. ಗೇಣುದ್ದ ಬಂತು, ಗುಂಡಗೆ, ಹಾವಿನ ಮೈಯಂತೆ. ಇಷ್ಟು ವಯಸ್ಸಿಗೆ ನನ್ನ ಕೈ ಖರೇ ಮಾಡಿದ ಮೊದಲ ಕೆಲಸ ಅದು. ಯಾರಿಗಾದರೂ ತೋರಿಸೋಣ ಅಂತ ತಲೆ ಎತ್ತಿದೆ. ಓಣಿಯಲ್ಲಿ ರಾಜಾ ಬರುತ್ತಿತ್ತು. ಅದರ ಹಿಂದೆ ಮಾವ.

ಟೊಪ್ಪಿಗೆಯನ್ನು ಗಲ್ಲದತನಕ ಎಳೆದುಕೊಂಡು ಗೋಡೆಗೆ ತಿರುಗಿದೆ.

ಮಾವ ಕಟ್ಟೆಯ ಹತ್ತಿರ ನಿಂತು ದನಿ ತಗ್ಗಿಸಿದರು. "ಅಜ್ಜಾ, ರಾಜಾಗ ಒಂದ ನಾಲ್ಕೆಳಿ ಬಾರು ಹೆಣದಿಡ. ಗುಪ್ತ ಇರಲಿ. ನಮ್ಮ ಅಳಿಯಾರು ಹೆಣಿತೀನಿ ಅಂತ ಎಲ್ಲಾರ ಮುಂದ ಹೇಳಿ ಕುಂತಾರ. ಅವರ ಕೈಲೆ ಆಗೂದಿಲ್ಲ. ಅವರ ಕೈಯಾಗ ಇದನ್ನ ಸರಸತೀನಿ, ನಾನ ಹೆಣದೀನಿ ಅನ್ಲಿ. ಅವರು ಬಾಯಿ ಮುಚಗೊಂಡ ಕುಂತ್ರ ದೀಪಾವಳಿ ಊಟ ಗಂಟಲಾಗ ಇಳಿಯೂದಿಲ್ಲಪಾ."

ಅಷ್ಟರಲ್ಲಿ ರಾಜಾ ಹಿಂದಿನಿಂದ ಬಂದು ಟೊಪ್ಪಿಗೆಯೊಳಗೆ ಮೂತಿ ತೂರಿ ನನ್ನ ಕಿವಿ ನೆಕ್ಕಿತು. ನಾನು ಧಡಕ್ಕನೆ ಎದ್ದು ಓಡಲು ಹೋದೆ. ಹೆಬ್ಬೆರಳಿನಲ್ಲಿ ನಾಲ್ಕು ಬಾರು, ಬಾರಿನ ತುದಿ ಕೈಯಲ್ಲಿ. ಕಟ್ಟಿದ ಕಾಲು ಮುಂದೆ ಬರಲೊಲ್ಲದು. ಒಂಟಿ ಕಾಲಲ್ಲಿ ಮೂರು ಜಿಗಿತ ಜಿಗಿದು ಮಾವನ ಪಾದದ ಹತ್ತಿರ ಹೋಗಿ ಬಿದ್ದೆ. ನೋಡಿದವರಿಗೆ ದೀರ್ಘದಂಡ ನಮಸ್ಕಾರ ಅನ್ನಿಸಬೇಕು.

ಮಾವ ಬಗ್ಗಿ ನನ್ನ ಟೊಪ್ಪಿಗೆ ಸರಿಸಿ ಕರಿ ಚಷ್ಮಾ ತೆಗೆದರು. "ಅಳಿಯಾರ? ಇಲ್ಲೇನ ಮಾಡಾಕತ್ತೀರಿ?"

ಬಾಯಿ ತೆರೆದಿತ್ತು, ಅದೇ ಹೊರಬಂತು. "ಅಜ್ಜಾರಿಗೆ ಒಂದೀಟು ಹೇಳಿಕೊಡೂಣಂತ ಬಂದಿದ್ನಿರಿ."

ಮಾವ ಅಜ್ಜನ ಕಡೆ ತಿರುಗಿದರು. "ಖರೇನು?"

ಅಜ್ಜ ಕೆಲಸದಿಂದ ಕಣ್ಣೆತ್ತಲಿಲ್ಲ. "ಖರೇರಿ ಮಾಸ್ತರ್ರ. ನಾ ಹೆಣಿಯೂದು ಹೇಳಿಕೊಡ್ತೀನಿ, ಇವರು ಬಿಚ್ಚೂದು ಹೇಳಿಕೊಡ್ತಾರ."

ಮಾವ ನಕ್ಕರು. ಕಟ್ಟೆ ಹಿಡಿದು ನಕ್ಕರು. ಆಮೇಲೆ ಮುಖ ಒರೆಸಿಕೊಂಡು ಹೆಡ್‌ಮಾಸ್ತರರಾದರು. "ಬಿಚ್ಚಬ್ಯಾಡ್ರಿ ಕಾಲು. ಕುಂದರ್ರಿ. ಮುಗಿಸಿ ಏಳ್ರಿ." ಎದುರಿಗೆ ಪರೀಕ್ಷೆಯ ಮೇಲ್ವಿಚಾರಕರಂತೆ ಕೂತರು. ಸಂಜೆಯತನಕ ಅಜ್ಜನಿಗೆ ಒಂದು ಎಳೆಯನ್ನೂ ಮುಟ್ಟಗೊಡಲಿಲ್ಲ. ಬಾರು ಮುಗಿಯಿತು, ಡೊಂಕಾಗಿತ್ತು, ನಡುವೆ ಒಂದು ಕಡೆ ಇಲಿ ನುಂಗಿದ ಹಾವಿನಂತೆ ಉಬ್ಬಿತ್ತು, ಆದರೆ ಪೂರ್ತಿ ನನ್ನ ಕೈಯದೇ. ರಾಜಾ ಅದನ್ನು ಒಮ್ಮೆ ಮೂಸಿ, ಕುತ್ತಿಗೆ ಮುಂದೆ ಮಾಡಿತು.

ದೀಪಾವಳಿ ಊಟ

ಪಂಕ್ತಿ ತುಂಬಿತ್ತು. ಬಾಗಿಲಲ್ಲಿ ರಾಜಾ, ಕುತ್ತಿಗೆಯಲ್ಲಿ ಬಾರು. ಅತ್ತೆ ತುಪ್ಪ ಬಡಿಸುತ್ತಾ, "ಹೆಂಗ ಹೆಣದ್ರಿ ಅಳಿಯಾರ? ಹೇಳ್ರಿ" ಅಂದರು.

ಹೇಳಿದೆ. ಕಾಂಗರೂ ಹೇಳಿದೆ, ಕಾಕೂ ಹೇಳಿದೆ. ಅಜ್ಜನ ಕಟ್ಟೆಗೆ ಬಂದೆ. ಹೆಬ್ಬೆರಳಿಗೆ ಬಾರು ಕಟ್ಟಿಕೊಂಡು ನಾನು ಧ್ಯಾನದಲ್ಲಿ ಕೂತಿದ್ದು, ಮಾವ ಅದೇ ಹೊತ್ತಿಗೆ ಬಂದಿದ್ದು, ನನ್ನ ಕೈಚಳಕ ನೋಡಿ ಅವರ ಕಾಲಲ್ಲಿ ಬಲ ಇಲ್ಲದಂತಾಗಿ, ಒಂಟಿ ಕಾಲಲ್ಲಿ ಮೂರು ಜಿಗಿತ ಜಿಗಿದು...

"ಬಿದ್ದದ್ದು ಮಾವಾರು!" ಅಂದೆ.

ಎಲ್ಲರೂ ಮಾವನ ಮುಖ ನೋಡಿದರು. ಅತ್ತೆಯ ಕೈಯಲ್ಲಿ ತುಪ್ಪದ ಮಿಳ್ಳೆ ನಿಂತಲ್ಲೇ ನಿಂತಿತು. "ಖರೇನ್ರಿ?"

ಮಾವ ನನ್ನನ್ನು ನೋಡಿದರು. ಬಾಗಿಲಲ್ಲಿದ್ದ ಬಾರನ್ನು ನೋಡಿದರು. ಕೊಟ್ಟ ಮಾತು ನೆನಪಾಗಿರಬೇಕು. ಬಾಯಲ್ಲಿದ್ದ ಹೋಳಿಗೆಯನ್ನು ಸಾವಕಾಶ ನುಂಗಿದರು.

"ಖರೇ ಐತಿ" ಅಂದರು. "ಆದ್ರ ಅಳಿಯಾರು ಮರ್ಯಾದಿ ಮಂದಿ, ಅರ್ಧಾನ ಹೇಳ್ಯಾರ. ನಾ ಎರಡ ಸಲ ಬಿದ್ದೆ."